ಕೇದರ ಹಿಡಿದವರೇ, ಐಸ್ ಎಲ್ಲಿ?

ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಭಾನುವಾರ ಬಂದರೆ ಮಾವನ ಜೊತೆ ಮಲ್ಪೆಯಿಂದ ದೋಣಿಯಲ್ಲಿ ಹೊರಡುತ್ತೇನೆ. ‘ಮೀನು ಹಿಡಿಯಲಿಕ್ಕೆ ಡಿಗ್ರಿ ಯಾಕೆ ಬೇಕಿತ್ತು?’ ಎಂದು ಅಮ್ಮ ಗೊಣಗುತ್ತಾಳೆ. ಮೀನು ಹಿಡಿಯಲಿಕ್ಕೂ ಓದಬೇಕು ಎಂದು ನನಗೆ ಗೊತ್ತಾದದ್ದು ಕಳೆದ ವರ್ಷ, ಅದೂ ಬೇರೆಯವರ ಆರೋಗ್ಯ ಕೆಡಿಸಿದ ಮೇಲೆ.

ಮಳೆಗಾಲದ 61 ದಿನಗಳ ನಿಷೇಧ ಮುಗಿದು ಕಡಲು ತಣ್ಣಗಾದ ಮೇಲೆ ಸೈಂಟ್ ಮೇರೀಸ್ ದ್ವೀಪದ ಆಚೆ ಹೋದರೆ ಒಮ್ಮೊಮ್ಮೆ ಹಕ್ಕಿಗಳು ಗುಂಪಾಗಿ ನೀರಿಗೆ ಎರಗುವುದು ಕಾಣುತ್ತದೆ. ಕೆಳಗೆ ಮರಿ ಬೂತಾಯಿಯನ್ನು ಅಟ್ಟಿಸಿಕೊಂಡು ಬಂದ ಕೇದರ ಇರುತ್ತದೆ. ಟ್ಯೂನಾ ಕುಟುಂಬದ ಸಣ್ಣ ಮೀನು ಇದು. ಬೆನ್ನ ಮೇಲೆ ಅಲೆಯಂಥ ಗೆರೆ, ಎದೆಯ ರೆಕ್ಕೆಯ ಕೆಳಗೆ ಕಪ್ಪು ಚುಕ್ಕೆ. ದೋಣಿಯನ್ನು ಗುಂಪಿನ ಮೇಲೆಯೇ ನುಗ್ಗಿಸಿದರೆ ಎಲ್ಲವೂ ಆಳಕ್ಕೆ ಇಳಿಯುತ್ತವೆ. ಮಾವ ಗಾಳಿ ಬೀಸುವ ಬದಿಗೆ ಸುತ್ತು ಹಾಕಿ ಇಂಜಿನ್ ನಿಲ್ಲಿಸುತ್ತಾರೆ. ದೋಣಿ ತಾನಾಗಿ ತೇಲಿ ಹತ್ತಿರ ಹೋಗುತ್ತದೆ. 30 ಗ್ರಾಂ ತೂಕದ ಲೋಹದ ಜಿಗ್ ಎಸೆದು ಕೈ ಸೋಲುವಷ್ಟು ವೇಗವಾಗಿ ರೀಲ್ ಸುತ್ತಬೇಕು. ಕಚ್ಚಿತೋ, ದಾರ ಸರ್ರನೆ ಓಡುತ್ತದೆ. ಆ ಖುಷಿಗೆ ಸಮನಾದದ್ದು ನನಗಂತೂ ಬೇರೆ ಸಿಕ್ಕಿಲ್ಲ.

ಆ ದಿನ ಮಾವ ಬಂದಿರಲಿಲ್ಲ. ಗೆಳೆಯರು ಮೂವರು ಹೋಗಿದ್ದೆವು. ಐದು ಕೇದರ ಸಿಕ್ಕಿತು. ಫೋಟೊ ತೆಗೆದೆವು, ವಿಡಿಯೊ ಮಾಡಿದೆವು, ಮೀನುಗಳನ್ನು ದೋಣಿಯ ಹಲಗೆಯ ಮೇಲೆ ಬಿಸಿಲಿಗೇ ಬಿಟ್ಟು ಇನ್ನಷ್ಟು ಹುಡುಕಿದೆವು. ಮನೆ ಸೇರಿದಾಗ ಮಧ್ಯಾಹ್ನ ದಾಟಿತ್ತು. ಒಂದು ಮೀನನ್ನು ಪಕ್ಕದ ಮನೆಯ ದೊಡ್ಡಮ್ಮನಿಗೆ ಹೆಮ್ಮೆಯಿಂದ ಕೊಟ್ಟೆ. ಅವರು ಪುಳಿಮುಂಚಿ ಮಾಡಿದರು. ಊಟವಾಗಿ ಒಂದು ಗಂಟೆಯೊಳಗೆ ಅವರ ಮುಖ ಕೆಂಪಾಗಿ, ಮೈಯೆಲ್ಲ ತುರಿಸಿ, ಎದೆ ಬಡಿತ ಜೋರಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಂಜೆ ಹೊತ್ತಿಗೆ ಸರಿಹೋದರು. ‘ನನಗೆ ಕೇದರ ಆಗಿಬರುವುದಿಲ್ಲ ಮಗಾ’ ಎಂದು ನನ್ನನ್ನೇ ಸಮಾಧಾನ ಮಾಡಿದರು.

ಆಗಿಬರದೇ ಇದ್ದದ್ದು ಕೇದರವಲ್ಲ, ನನ್ನ ಉದಾಸೀನ. ಟ್ಯೂನಾ ಜಾತಿಯ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಸತ್ತ ಮೀನು ಬಿಸಿಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾಡುತ್ತವೆ. ಒಮ್ಮೆ ಅದು ಹುಟ್ಟಿತೆಂದರೆ ಎಷ್ಟು ಕುದಿಸಿದರೂ, ಹುರಿದರೂ, ಫ್ರಿಜ್‌ನಲ್ಲಿಟ್ಟರೂ ಹೋಗುವುದಿಲ್ಲ. ಸಾಲದ್ದಕ್ಕೆ ಈ ಮೀನಿನ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ, ಗಾಳದಲ್ಲಿ ಒದ್ದಾಡಿದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ.

ಇದಕ್ಕಾಗಿಯೇ ಹಗುರ ದಾರದ ಬಡಾಯಿಯನ್ನು ನಾನು ಒಪ್ಪುವುದಿಲ್ಲ. ‘ಕೂದಲಿನಂಥ ದಾರದಲ್ಲಿ ಅರ್ಧ ಗಂಟೆ ಆಡಿಸಿದೆ’ ಎಂದು ಹೇಳಿಕೊಳ್ಳುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಸುಸ್ತು ಹೊಡೆದ ಮೀನನ್ನು ಬಿಟ್ಟರೂ ಬದುಕುವುದು ಕಷ್ಟ, ಏಕೆಂದರೆ ಈಜುತ್ತಲೇ ಇದ್ದರೆ ಮಾತ್ರ ಅದಕ್ಕೆ ಉಸಿರು. ಇಟ್ಟುಕೊಂಡರೆ ಮಾಂಸ ಕೆಟ್ಟಿರುತ್ತದೆ. ಹಗುರವಾದ ರಾಡ್ ಇರಲಿ, ಆದರೆ ಎರಡು ಮೂರು ಕಿಲೋದ ಮೀನನ್ನು ಕೆಲವೇ ನಿಮಿಷದಲ್ಲಿ ದೋಣಿಗೆ ತರುವಷ್ಟು ಗಟ್ಟಿ ದಾರ ಬೇಕು. 20 ಪೌಂಡಿನ ಹೆಣೆದ ದಾರ ನನಗೆ ಸಾಕಾಗಿದೆ.

‘ದೊಡ್ಡ ಬೋಟುಗಳು ಟನ್ನುಗಟ್ಟಲೆ ಹಿಡಿಯುತ್ತವೆ, ನಿನ್ನ ನಾಲ್ಕು ಮೀನಿಗೆ ಇಷ್ಟೆಲ್ಲ ಉಪದೇಶ ಯಾಕೆ?’ ಎಂದು ಗೆಳೆಯನೊಬ್ಬ ಕೇಳಿದ. ಪ್ರಶ್ನೆ ಸುಳ್ಳಲ್ಲ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು, ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಆ ಬಗ್ಗೆ ಕರಾವಳಿಯಲ್ಲಿ ಜಗಳ ಇನ್ನೂ ನಿಂತಿಲ್ಲ. ಆದರೆ ಅವರು ಹೊಟ್ಟೆಪಾಡಿಗೆ ಹೋಗುವವರು, ನಾವು ಮೋಜಿಗೆ ಹೋಗುವವರು. ಮೋಜಿಗೆ ಹಿಡಿದ ಮೀನನ್ನು ಹಾಳು ಮಾಡಲು ನಮಗೆ ಯಾವ ನೆಪವೂ ಇಲ್ಲ.

ಅಂಜಲ್‌ಗೆ ಸಿಗುವ ಮರ್ಯಾದೆ ನಮ್ಮಲ್ಲಿ ಕೇದರಕ್ಕಿಲ್ಲ. ‘ಕಪ್ಪು ಮಾಂಸ, ತುರಿಕೆ’ ಎನ್ನುತ್ತಾರೆ. ಲಕ್ಷದ್ವೀಪದ ಮಿನಿಕಾಯ್‌ನವರು ಕೋಲಿನ ಗಾಳದಲ್ಲಿ ಟ್ಯೂನಾ ಹಿಡಿದು, ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿ ‘ಮಾಸ್’ ಮಾಡುತ್ತಾರೆ. ಟ್ಯೂನಾವೇ ಅವರ ಬದುಕು. ಮೀನಿಗೆ ಬೆಲೆ ಬರುವುದು ಜಾತಿಯಿಂದ ಮಾತ್ರವಲ್ಲ, ನೋಡಿಕೊಳ್ಳುವ ರೀತಿಯಿಂದಲೂ.

ಈಗ ದೋಣಿಗೆ ಮೊದಲು ಹತ್ತುವುದು ಐಸ್ ಪೆಟ್ಟಿಗೆ. ಮೀನು ಬಂದ ಕೂಡಲೇ ತಲೆಗೆ ಒಂದೇಟು, ಕಿವಿರಿನ ಬಳಿ ಕೊಯ್ದು ರಕ್ತ ಬಸಿಯುವುದು, ಆಮೇಲೆ ಐಸ್ ಮತ್ತು ಉಪ್ಪುನೀರು ಬೆರೆಸಿದ ಪೆಟ್ಟಿಗೆಗೆ. ಬರೀ ಐಸ್‌ಗಿಂತ ಅದು ಬೇಗ ತಣಿಸುತ್ತದೆ. ಪೆಟ್ಟಿಗೆ ತುಂಬಿದರೆ ಅಥವಾ ಮನೆಗೆ ಸಾಕಷ್ಟು ಸಿಕ್ಕಿದರೆ ಆವತ್ತಿನ ಮೀನುಗಾರಿಕೆ ಮುಗಿಯಿತು, ಹಕ್ಕಿಗಳು ಎಷ್ಟೇ ಕರೆಯಲಿ.

ಫೋನಿನ ರೀಲ್ಸ್‌ಗಾಗಿ ರಾಡಿನ ರೀಲ್ ಹಿಡಿದ ಗೆಳೆಯರಲ್ಲಿ ನನ್ನದೊಂದೇ ಮಾತು: ಮುಂದಿನ ಸಲ ವಿಡಿಯೊದಲ್ಲಿ ಐಸ್ ಪೆಟ್ಟಿಗೆಯೂ ಕಾಣಲಿ. ದೊಡ್ಡಮ್ಮ ಮತ್ತೆ ನನ್ನಿಂದ ಕೇದರ ತೆಗೆದುಕೊಳ್ಳಲು ಏಳು ತಿಂಗಳು ಬೇಕಾಯಿತು. ಈಗಲೂ ಕಿವಿರು ಎತ್ತಿ ನೋಡಿ, ಮುಟ್ಟಿ ತಣ್ಣಗಿದೆಯೇ ಎಂದು ಪರೀಕ್ಷಿಸಿಯೇ ಒಳಗೆ ಒಯ್ಯುತ್ತಾರೆ. ಬ್ಯಾಂಕ್ ಪರೀಕ್ಷೆಗಿಂತ ಆ ಪರೀಕ್ಷೆಗೇ ನನಗೆ ಹೆಚ್ಚು ಭಯ.