ಹಂಡೆ ಒಲೆಗೆ ಪ್ಲಾಸ್ಟಿಕ್ ಹಾಕುವ ಮುನ್ನ

ಕಸ ಪೇಟೆಯವರ ಸಮಸ್ಯೆ, ಹಳ್ಳಿ ಸ್ವಚ್ಛವಾಗಿದೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಗುಡಿಸಿ ಸಾರಿಸಿದ ಅಂಗಳ ನೋಡಿದರೆ ಹಾಗೆಯೇ ಅನಿಸುತ್ತದೆ. ಆದರೆ ನಿನ್ನೆ ಮನೆಗೆ ಬಂದ ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಷೆ, ಬೇಳೆಯ ಕವರ್ ಎಲ್ಲಿ ಹೋದವು? ಉತ್ತರ ಬಚ್ಚಲುಮನೆಯಲ್ಲಿದೆ. ನೀರು ಕಾಯಿಸುವ ಹಂಡೆ ಒಲೆಗೆ ಬೆಂಕಿ ಹಚ್ಚುವುದು ಅವುಗಳಿಂದಲೇ. ಮಳೆಗಾಲದಲ್ಲಿ ಸೌದೆ ಹಸಿಯಾಗಿದ್ದರಂತೂ ಕೇಳುವುದೇ ಬೇಡ.

ಮರುಬಳಕೆ ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತರಕಾರಿ ಸಿಪ್ಪೆ ಕೊಟ್ಟಿಗೆಗೆ, ಸಗಣಿ ತಿಪ್ಪೆಗೆ, ಹಳೆ ಸೀರೆ ಕೌದಿಗೆ, ಕಬ್ಬಿಣ ಮತ್ತು ರದ್ದಿ ಗುಜರಿಯವನಿಗೆ. ಬೆಲೆ ಇರುವ ಯಾವುದೂ ಹಳ್ಳಿಯಲ್ಲಿ ಕಸವಾಗುವುದಿಲ್ಲ. ತೊಂದರೆ ಇರುವುದು ಮಣ್ಣೂ ಕರಗಿಸದ, ಗುಜರಿಯವನೂ ಬೇಡವೆನ್ನುವ ವಸ್ತುಗಳದ್ದು. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ ಜೊತೆ ಅಲ್ಯೂಮಿನಿಯಂ ಪದರ ಅಂಟಿಕೊಂಡಿರುತ್ತದೆ. ಬೇರ್ಪಡಿಸುವುದು ಕಷ್ಟ, ಹಾಗಾಗಿ ಕೊಳ್ಳುವವರಿಲ್ಲ. ಕೊಳ್ಳುವವರಿಲ್ಲದ್ದು ಒಲೆಗೆ ಹೋಗುತ್ತದೆ.

ಒಲೆಗೆ ಹಾಕಿದರೆ ಕಸ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ. ಪಿವಿಸಿ ಪೈಪಿನ ತುಂಡು, ವೈರಿನ ಸಿಪ್ಪೆಯಂಥವು ಒಲೆಯ ಅರೆಬರೆ ಬೆಂಕಿಯಲ್ಲಿ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಕ್ಯಾನ್ಸರ್‌ಗೂ ಕಾರಣವಾಗಬಲ್ಲದು. ಹುಲ್ಲಿನ ಮೇಲೆ ಕೂತು, ಹಸುವಿನ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನಲ್ಲಿ ಉಳಿಯುತ್ತದೆ. ಮನುಷ್ಯರ ದೇಹಕ್ಕೆ ಸೇರುವ ಡಯಾಕ್ಸಿನ್‌ನಲ್ಲಿ ಶೇ 90ಕ್ಕಿಂತ ಹೆಚ್ಚು ಆಹಾರದ ಮೂಲಕವೇ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇನ್ನು ಬೂದಿ. ಪಾತ್ರೆ ತಿಕ್ಕಲು, ತೆಂಗಿನ ಬುಡಕ್ಕೆ, ಬಸಳೆ ಚಪ್ಪರಕ್ಕೆ ಹಾಕಲು ಬಳಸುತ್ತಿದ್ದ ಬೂದಿ ಬರೀ ಕಟ್ಟಿಗೆಯದಾಗಿತ್ತು. ಈಗಿನದು ಹಾಗಲ್ಲ.

ಒಲೆಯಾಚೆಗೂ ವಿಷವಿದೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸವಿರುತ್ತದೆ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಎಲ್ಲರೂ ಹೊರಗಿರಬೇಕು. ಆಮೇಲೆ ಚೂರುಗಳನ್ನು ಗುಡಿಸದೆ ದಪ್ಪ ಕಾಗದದಿಂದ ಎತ್ತಬೇಕು. ಕೀಟನಾಶಕದ ಕ್ಯಾನನ್ನು ಎಷ್ಟೇ ತೊಳೆದರೂ ನೀರಿಗೋ ಸೀಮೆಎಣ್ಣೆಗೋ ಮನೆಯೊಳಗೆ ತರಬಾರದು. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ಕ್ಯಾನಿಗೆ ತೂತು ಹೊಡೆದುಬಿಡುವುದು ಸುರಕ್ಷಿತ.

ಇಷ್ಟು ಹೇಳಿ, ಒಲೆ ಹೊತ್ತಿಸುವ ಹೆಂಗಸರನ್ನೇ ದೂರಿ ಕೈತೊಳೆದುಕೊಳ್ಳುವುದು ಸುಲಭ. ನಾವು ಅದನ್ನು ಒಪ್ಪುವುದಿಲ್ಲ. ಕಸದ ಗಾಡಿ ಯಾವಾಗ ಬರುತ್ತದೆಂದೇ ಗೊತ್ತಿಲ್ಲದ ಊರಿನಲ್ಲಿ ಅವರು ಪ್ಲಾಸ್ಟಿಕ್ಕನ್ನು ಎಷ್ಟು ದಿನ ಕಟ್ಟಿಡಬೇಕು? 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮ ಪಂಚಾಯಿತಿಗೂ ಹೊಣೆ ಹೊರಿಸಿವೆ. ಪ್ಯಾಕೆಟ್ ಮಾರಿ ಲಾಭ ಮಾಡುವ ಕಂಪನಿಗಳೂ ಅದನ್ನು ಹಿಂಪಡೆಯುವ ಭಾರ ಹೊರಬೇಕೆಂದಿವೆ. ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರೇ ಸ್ವಚ್ಛ ವಾಹಿನಿ ಓಡಿಸಿ ಒಣಕಸ ಒಯ್ಯುತ್ತಿದ್ದಾರೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಸುತ್ತಲಿನ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೇ ಕಡೆ ವಿಂಗಡಿಸುವ ಘಟಕವಿದೆ. ಅಂದರೆ ಇದು ಆಗದ ಕೆಲಸವೇನಲ್ಲ.

ನಮ್ಮ ಪಾಲಿನದು ಇಷ್ಟು: ಬಚ್ಚಲಿನಿಂದ ದೂರ ಒಂದು ಗೋಣಿಚೀಲ ತೂಗುಹಾಕಿ, ಒರೆಸಿ ಒಣಗಿಸಿದ ಪ್ಲಾಸ್ಟಿಕ್ಕನ್ನೆಲ್ಲ ಅದಕ್ಕೆ ತುಂಬೋಣ. ಬಲ್ಬು, ಬ್ಯಾಟರಿಗಳಿಗೆ ಬೇರೆಯೇ ಡಬ್ಬ ಇಡೋಣ. ಬೆಂಕಿ ಹಚ್ಚಲು ತೆಂಗಿನ ಗರಿ, ಕಾಯಿಸಿಪ್ಪೆಗಳನ್ನು ಮಳೆಗೆ ಮುಂಚೆಯೇ ಸೂರಿನಡಿ ಸೇರಿಸಿಡೋಣ. ಮುಂದಿನ ಗ್ರಾಮಸಭೆಗೆ ಹೋಗಿ ಎರಡು ಪ್ರಶ್ನೆ ಕೇಳೋಣ: ಕಸದ ಗಾಡಿ ಯಾವ ವಾರ ಬರುತ್ತದೆ? ಒಯ್ದ ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ? ರಸ್ತೆ, ನೀರು, ದೀಪದಷ್ಟೇ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆಗಳಿವು.