ನಾಲಿಗೆ ಉಳಿದರೆ ಸಾಲದು, ಕಿವಿಯೂ ಉಳಿಯಲಿ



ಪರಮಪ್ರಸಾದ ನೀಡುವ ಗುರುಗಳಿಗೆ ಎಷ್ಟೋ ವೈದ್ಯರಿಗೂ ಸಿಗದ ಒಂದು ಅವಕಾಶ ಸಿಗುತ್ತದೆ. ಈಗ ಕೈಯಲ್ಲಿ ಸ್ವೀಕರಿಸುವವರೇ ಹೆಚ್ಚಾದರೂ ನಮ್ಮ ಹಿರಿಯರು ಇಂದಿಗೂ ನಾಲಿಗೆಯನ್ನೇ ಚಾಚುತ್ತಾರೆ. ಭಾನುವಾರದಿಂದ ಭಾನುವಾರಕ್ಕೆ ಅವೇ ಬಾಯಿಗಳು ನಮ್ಮೆದುರು ತೆರೆಯುತ್ತವೆ. ಕೆನ್ನೆಯ ಒಳಗೆ ಸುಣ್ಣ ಬಳಿದಂತಹ ಬಿಳಿ ಮಚ್ಚೆ, ಮಾಯದೆ ಉಳಿದ ಕೆಂಪು ಹುಣ್ಣು, ಎರಡು ಬೆರಳು ಹಿಡಿಸುವಷ್ಟೂ ತೆರೆಯಲಾಗದ ದವಡೆ, ಇವೆಲ್ಲ ನಮ್ಮ ಕಣ್ಣಿಗೆ ಬಿದ್ದಿವೆ. ಆ ಗಳಿಗೆಯಲ್ಲಿ ನಾವು ಏನನ್ನೂ ಹೇಳುವಂತಿಲ್ಲ. ಆದ್ದರಿಂದ ಹೇಳಬೇಕಾದ್ದನ್ನು ಈ ಪುಟದಲ್ಲಿ ಹೇಳುತ್ತಿದ್ದೇವೆ.

ಅವಿನಾಶಿಯ ಸುತ್ತಮುತ್ತ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಮಾತನಾಡುವ ನಮ್ಮ ಜನರಿಗೆ ಎರಡು ಕಸುಬು. ಒಂದು ಬೇಸಾಯ, ಇನ್ನೊಂದು ಮಗ್ಗ. ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟು ಸೋಮನೂರಿನ ಪವರ್‌ಲೂಮಿಗೋ ತಿರುಪ್ಪೂರಿನ ಬನಿಯನ್ ಕಂಪನಿಗೋ ಹೋದವರು ಪ್ರತಿ ಮನೆಯಲ್ಲೂ ಇದ್ದಾರೆ. ಹೊಲವಾಗಲಿ ಮಗ್ಗವಾಗಲಿ, ದಣಿವು ಮರೆಯಲು ಎಲೆ, ಅಡಿಕೆ, ಹೊಗೆಸೊಪ್ಪು ಜೊತೆಗೇ ಬಂದವು. ಹಳೆಯ ಕೊಯಮತ್ತೂರು ಜಿಲ್ಲೆ ಜಗಿಯುವ ಹೊಗೆಸೊಪ್ಪನ್ನು ಬೆಳೆದ ಸೀಮೆ. ನಮ್ಮವರು ಅದನ್ನು ಬೆಳೆದರು, ತಿಂದರು, ತಾಂಬೂಲದ ತಟ್ಟೆಯಲ್ಲಿಟ್ಟು ನೆಂಟರಿಗೂ ಕೊಟ್ಟರು.

ನಮಗೆ ಹತ್ತಿರದ ಒಬ್ಬ ಹಿರಿಯ ರೈತರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇವೆ. ಇಪ್ಪತ್ತು ವರ್ಷ ಮಗ್ಗ ಓಡಿಸಿ ಅನಂತರ ಹೊಲಕ್ಕೆ ಮರಳಿದವರು ಅವರು. ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಆರು ತಿಂಗಳು ಜೇನುತುಪ್ಪ ಹಚ್ಚಿದರು, ವಿಟಮಿನ್ ಮಾತ್ರೆ ನುಂಗಿದರು. ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮೇಲೆ ನಮ್ಮ ಜನ 'ಕರೆಂಟು' ಎಂದು ಕರೆಯುವ ವಿಕಿರಣ ಚಿಕಿತ್ಸೆಯೂ, ಅದರ ಜೊತೆಗೆ ಸಿಸ್ಪ್ಲಾಟಿನ್ ಎಂಬ ಇಂಜೆಕ್ಷನ್ನೂ ಆದವು. ದೇವರ ದಯೆಯಿಂದ ರೋಗ ಹೋಯಿತು. ಮೂರು ವರ್ಷ ಕಳೆದಿದೆ. ಮೊನ್ನೆ ಅವರ ಮನೆಗೆ ಹೋದಾಗ ಹೇಳಿದರು: "ಸ್ವಾಮಿ, ನಾಲಿಗೆ ಉಳೀತು. ಆದರೆ ಮೊಮ್ಮಗಳ ಮಾತು ಹೋಯ್ತು."

ಮೊದಲಿಗೆ ನಮಗೆ ಅರ್ಥವಾಗಲಿಲ್ಲ. ಮೊಮ್ಮಗಳು ಅಲ್ಲೇ ಹರಟುತ್ತಿದ್ದಳು. ಅವರ ಕಿವಿಗೆ ಮಾತ್ರ ಆ ಸಣ್ಣ ದನಿ ಮುಟ್ಟುತ್ತಿರಲಿಲ್ಲ. ಇರುಳೆಲ್ಲ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು. ಕರೆದರೆ ಓಗೊಡುವುದಿಲ್ಲವೆಂದು ಮನೆಯವರಿಗೆ ಬೇಸರ. ಇಂಜೆಕ್ಷನಿಗೆ ಮುಂಚೆ ಕಿವಿ ಪರೀಕ್ಷೆ ಮಾಡಿದರೇ ಎಂದು ಕೇಳಿದೆವು. "ಇಲ್ಲ ಸ್ವಾಮಿ, ನಾವೂ ಕೇಳಲಿಲ್ಲ. ಮಗ್ಗದಲ್ಲಿ ದುಡಿದವನು ಅಂತ ಅವರಿಗೆ ಹೇಳಲೂ ಇಲ್ಲ" ಎಂದರು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಒಂದು ಅಂಗವಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ಕೂದಲು ಕೋಶಗಳು ಸಾಲಾಗಿ ನಿಂತಿವೆ. ಸದ್ದು ಬಂದಾಗ ಅವು ಗಾಳಿಗೆ ರಾಗಿಯ ಪೈರು ಬಾಗಿದಂತೆ ಬಾಗಿ, ಸುದ್ದಿಯನ್ನು ನರದ ಮೂಲಕ ಮೆದುಳಿಗೆ ಕಳುಹಿಸುತ್ತವೆ. ಹೊಲದ ಪೈರನ್ನು ಮರುವರ್ಷ ಬಿತ್ತಬಹುದು. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಮೇಲಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದರೆ ಅವು ಸಾಯತೊಡಗುತ್ತವೆ. ಪಕ್ಕದವನೊಡನೆ ಕೂಗಿ ಮಾತನಾಡಬೇಕಾದ ಮಗ್ಗದ ಕೊಟ್ಟಿಗೆ ಈ ಮಿತಿಯನ್ನು ದಾಟಿದೆಯೆಂದೇ ತಿಳಿಯಿರಿ. ಸಿಸ್ಪ್ಲಾಟಿನ್ ಕೂಡ ಇದೇ ಕೋಶಗಳನ್ನು ಕೊಲ್ಲುತ್ತದೆ. ಎರಡರಲ್ಲೂ ಮೊದಲು ಹೋಗುವುದು ಎತ್ತರದ ದನಿ. ಮಕ್ಕಳ ಮಾತು, ಹಕ್ಕಿಯ ಕೂಗು, 'ಸ', 'ಶ' ಅಕ್ಷರಗಳು ಮೊದಲು ಮರೆಯಾಗುತ್ತವೆ. ಮಗ್ಗ ಅರ್ಧ ತಿಂದ ಕಿವಿಗೆ ಔಷಧಿಯ ಪೆಟ್ಟೂ ಬಿದ್ದರೆ ಉಳಿಯುವುದೇನು?

ಹಾಗಾದರೆ ಆ ಔಷಧಿ ಬೇಡವೇ? ಹಾಗೆ ನಾವು ಖಂಡಿತ ಹೇಳುವುದಿಲ್ಲ. ಬಾಯಿ, ಗಂಟಲಿನ ಮುಂದುವರಿದ ಕ್ಯಾನ್ಸರಿನಲ್ಲಿ ವಿಕಿರಣದ ಜೊತೆ ಸಿಸ್ಪ್ಲಾಟಿನ್ ಕೊಟ್ಟು ಎಷ್ಟೋ ಜೀವ ಉಳಿದಿವೆ. ಪ್ರಶ್ನೆ ಇರುವುದು ಎಷ್ಟು, ಹೇಗೆ, ಯಾರಿಗೆ ಎಂಬುದರಲ್ಲಿ. ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ದೇಶದ ವೈದ್ಯರೇ ಮುಂದಿದ್ದಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 300 ರೋಗಿಗಳಲ್ಲಿ ವಾರಕ್ಕೊಮ್ಮೆ ಸಣ್ಣ ಪ್ರಮಾಣ, ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣ, ಈ ಎರಡನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಎರಡು ವರ್ಷದ ಕೊನೆಗೆ ರೋಗ ಹತೋಟಿಯಲ್ಲಿದ್ದವರು ವಾರದ ಗುಂಪಿನಲ್ಲಿ ಶೇಕಡ 58.5, ಮೂರು ವಾರದ ಗುಂಪಿನಲ್ಲಿ ಶೇಕಡ 73.1. ಆದರೆ ದೊಡ್ಡ ಪ್ರಮಾಣದಲ್ಲಿ ತೀವ್ರ ಅಡ್ಡಪರಿಣಾಮಗಳೂ ಹೆಚ್ಚಾಗಿದ್ದವು. ಅಲ್ಲಿ ವಾರದ ಪ್ರಮಾಣ ದೇಹದ ಅಳತೆಯ ಪ್ರತಿ ಚದರ ಮೀಟರಿಗೆ 30 ಮಿ.ಗ್ರಾಂ ಇತ್ತು. ಜಪಾನಿನವರು ಶಸ್ತ್ರಚಿಕಿತ್ಸೆಯಾದವರಲ್ಲಿ ಅದನ್ನು 40 ಮಿ.ಗ್ರಾಂಗೆ ಏರಿಸಿ ನೋಡಿದರು. 2022ರಲ್ಲಿ ಬಂದ ಅವರ ವರದಿಯ ಪ್ರಕಾರ ವಾರದ ಕ್ರಮ ಬದುಕುಳಿಯುವುದರಲ್ಲಿ ಹಿಂದೆ ಬೀಳಲಿಲ್ಲ, ಕಿವಿಯ ತೊಂದರೆಯೂ ಕಡಿಮೆಯಾಯಿತು.

ಕಿವಿ ಅಥವಾ ಮೂತ್ರಪಿಂಡ ಮೊದಲೇ ಕೆಟ್ಟು ಸಿಸ್ಪ್ಲಾಟಿನ್ ತಡೆಯಲಾರದವರು ಏನು ಮಾಡಬೇಕು? ಟಾಟಾ ಆಸ್ಪತ್ರೆಯವರೇ ಅಂತಹ 356 ರೋಗಿಗಳಲ್ಲಿ ವಿಕಿರಣದ ಜೊತೆ ಡೋಸಿಟ್ಯಾಕ್ಸೆಲ್ ಎಂಬ ಬೇರೆ ಔಷಧಿ ಕೊಟ್ಟು ನೋಡಿದರು. ಎರಡು ವರ್ಷಕ್ಕೆ ಬದುಕಿದ್ದವರು ಬರೀ ವಿಕಿರಣದಲ್ಲಿ ಶೇಕಡ 41.7, ಔಷಧಿ ಸೇರಿದಾಗ ಶೇಕಡ 50.8. ಅಂದರೆ ಕಿವಿ ಕೆಟ್ಟವರಿಗೂ ದಾರಿ ಇದೆ. ಆದರೆ ಕಿವಿ ಕೆಟ್ಟಿದೆಯೆಂದು ಮೊದಲೇ ತಿಳಿದರೆ ತಾನೆ ಆ ದಾರಿ ಹಿಡಿಯುವುದು? ಸಿಸ್ಪ್ಲಾಟಿನ್ ಆರಂಭಿಸುವ ಮುನ್ನ ಒಂದು ಆಡಿಯೋಗ್ರಾಂ ಪರೀಕ್ಷೆ ಮಾಡಿಸಿ ಎಂದು ಕೇಳುವುದು ರೋಗಿಯ ಹಕ್ಕು ಎಂಬುದೇ ನಮ್ಮ ಮೊದಲನೆಯ ಮಾತು. ನೋವಿಲ್ಲದ, ಅರ್ಧ ಗಂಟೆಯಲ್ಲಿ ಮುಗಿಯುವ ಪರೀಕ್ಷೆ ಅದು. ಮಗ್ಗದಲ್ಲಿ ದುಡಿದಿದ್ದರೆ, ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದರೆ ಬಾಯಿಬಿಟ್ಟು ಹೇಳಿ. ಇಂಜೆಕ್ಷನ್ ನಡೆಯುವಾಗ ಹೊಸ ಸದ್ದು ಕೇಳಿಸಿದರೆ ಅದೇ ದಿನ ತಿಳಿಸಿ.

ಇನ್ನು ಸಂಶೋಧನೆಯ ಹೆಸರು ಕೇಳಿದೊಡನೆ ನಮ್ಮವರು ಹೆದರುತ್ತಾರೆ. "ನಮ್ಮನ್ನು ಇಲಿ ಮಾಡುತ್ತಾರೆ ಸ್ವಾಮಿ" ಎನ್ನುತ್ತಾರೆ. ಈ ಮಾತನ್ನು ರೈತರು ಆಡಬಾರದು. ಕೊಯಮತ್ತೂರಿನಲ್ಲಿ 1912ರಿಂದ ಕಬ್ಬು ತಳಿ ಸಂಸ್ಥೆ ಇದೆ. ಹೊಸ ತಳಿ ಬಂದರೆ ಅವರು ಏನು ಮಾಡುತ್ತಾರೆ? ಒಂದೇ ಹೊಲದಲ್ಲಿ ಪಟ್ಟಿ ಮಾಡಿ, ಯಾವ ಪಟ್ಟಿಗೆ ಯಾವ ತಳಿ ಎಂದು ಚೀಟಿ ಎತ್ತಿ, ಹಳೆಯದನ್ನೂ ಹೊಸದನ್ನೂ ಒಂದೇ ನೀರು, ಒಂದೇ ಗೊಬ್ಬರದಲ್ಲಿ ಬೆಳೆಸಿ ತೂಗುತ್ತಾರೆ. ಚೀಟಿ ಎತ್ತದೆ ಒಳ್ಳೆಯ ಮಣ್ಣಿಗೇ ಹೊಸ ತಳಿ ಹಾಕಿದರೆ ಇಳುವರಿ ಮಣ್ಣಿನದೋ ತಳಿಯದೋ ತಿಳಿಯುವುದಿಲ್ಲ. ವೈದ್ಯಕೀಯ ಪ್ರಯೋಗದ ನ್ಯಾಯವೂ ಇದೇ.

ನೆರೆಯ ಕೇರಳದಲ್ಲಿ ಇದು ಊರೂರಲ್ಲೇ ನಡೆಯಿತು. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳನ್ನು ಆರಿಸಿ, ಚೀಟಿಯಂತೆ 7ರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ 35 ದಾಟಿದವರ ಬಾಯಿಯನ್ನು ಬೆಳಕಿನಲ್ಲಿ ನೋಡಿದರು. 6 ಪಂಚಾಯಿತಿಗಳು ಎಂದಿನಂತೆ ಇದ್ದವು. ಎರಡೂ ಕಡೆ ಸೇರಿ 1 ಲಕ್ಷ 90 ಸಾವಿರಕ್ಕೂ ಮೇಲ್ಪಟ್ಟ ಜನ. ಹೊಗೆಸೊಪ್ಪು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು, ನೋಡಿದ ಊರುಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿತ್ತೆಂದು ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 2005ರಲ್ಲಿ ತಿಳಿಸಿದರು. ಯಂತ್ರವಿಲ್ಲ, ಸೂಜಿಯಿಲ್ಲ. ಬೇಕಾದದ್ದು ಎರಡು ಕಣ್ಣು, ಒಂದು ದೀಪ. ಹಾಗೆಯೇ ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಯಬೇಕೇ, ಕಾಯ್ದು ನೋಡಬೇಕೇ ಎಂಬ ಹಳೆಯ ಜಗಳವನ್ನು ತೀರಿಸಿದ್ದು ಟಾಟಾ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರ 2015ರ ಅಧ್ಯಯನ. ಮೊದಲೇ ತೆಗೆದವರಲ್ಲಿ ಮೂರು ವರ್ಷಕ್ಕೆ ಶೇಕಡ 80 ಮಂದಿ ಬದುಕಿದ್ದರು. ಕಾಯ್ದವರಲ್ಲಿ ಶೇಕಡ 67.5. ಇಂದು ನಮ್ಮ ಮಕ್ಕಳಿಗೆ ಸಿಗುತ್ತಿರುವ ಚಿಕಿತ್ಸೆ, ನಿನ್ನೆ ಹೆಸರು ಕೊಟ್ಟ ಆ ಅಪರಿಚಿತ ರೋಗಿಗಳ ದಾನ.

ಆದರೆ ಹೆದರಿಕೆಗೆ ಕಾರಣವೇ ಇಲ್ಲವೆಂದು ಹೇಳಿದರೆ ನಾವು ಸುಳ್ಳು ಹೇಳಿದಂತಾಗುತ್ತದೆ. ಕೇರಳದ ಆ 6 ಪಂಚಾಯಿತಿಗಳ ಜನರ ಬಾಯಿಯನ್ನು ನೋಡಿದ್ದು 2006ರ ನಂತರವೇ. ಅಷ್ಟು ವರ್ಷ ಅವರು ಕಾದದ್ದು ನ್ಯಾಯವೇ ಎಂದು ಕೇಳುವವರಿಗೆ ಸುಲಭದ ಉತ್ತರವಿಲ್ಲ. ಬಡವರಿಂದ ಓದಿಸದೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಲವೂ ಇತ್ತು. ಆದ್ದರಿಂದಲೇ ಕಟ್ಟುಪಾಡುಗಳು ಬಂದವು. 2009ರಿಂದ ಔಷಧಿ ಪ್ರಯೋಗಗಳನ್ನು ಸರಕಾರಿ ದಾಖಲೆಯಲ್ಲಿ ಮೊದಲೇ ನಮೂದಿಸಬೇಕು. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು. ಯಾರಾದರೂ ನಿಮ್ಮನ್ನು ಕೇಳಿದರೆ ತಕ್ಷಣ ಒಲ್ಲೆನೆನ್ನಬೇಡಿ, ತಕ್ಷಣ ಸಹಿಯನ್ನೂ ಹಾಕಬೇಡಿ. ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿಸಿಕೊಳ್ಳಿ, ಒಂದು ಪ್ರತಿ ಕೇಳಿ ಪಡೆಯಿರಿ. ಹೊಸದೇನು, ಹಳೆಯದೇನು, ನಡುವೆ ಬಿಟ್ಟರೆ ಮಾಮೂಲು ಚಿಕಿತ್ಸೆ ನಿಲ್ಲುತ್ತದೆಯೇ ಎಂದು ಕೇಳಿ. ನಿಲ್ಲಬಾರದು, ಅದು ನಿಯಮ. ತೃಪ್ತಿಯಾದರೆ ಧೈರ್ಯವಾಗಿ ಸೇರಿ.

ಕಿವಿಯ ಬಗ್ಗೆ ಇನ್ನೆರಡು ಮಾತು. ಒಂದೇ ಕಡೆಯ ಕಿವಿ ನೋವು ಮೂರು ವಾರ ಕಳೆದರೂ ಹೋಗದೆ, ಪರೀಕ್ಷಿಸಿದಾಗ ಕಿವಿ ಚೆನ್ನಾಗಿಯೇ ಕಂಡರೆ ಗಂಟಲನ್ನು ತೋರಿಸಿ. ಗಂಟಲಿಗೂ ಕಿವಿಗೂ ನರದ ನಂಟಿದೆ, ಗಂಟಲಿನ ಗಡ್ಡೆ ಕಿವಿಯಲ್ಲಿ ನೋಯುವುದುಂಟು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಲೋಕವೇ ತಿರುಗಿ, ಒಂದು ನಿಮಿಷದೊಳಗೆ ನಿಲ್ಲುವ ತಲೆಸುತ್ತು ಬಹುಮಟ್ಟಿಗೆ ಪಿತ್ತದ್ದೂ ಅಲ್ಲ, ಬಿ.ಪಿ.ಯದೂ ಅಲ್ಲ. ಒಳಗಿವಿಯ ಸಮತೋಲನದ ಹರಳುಗಳು ಜಾಗ ತಪ್ಪಿದ್ದರಿಂದ ಬರುವಂಥದ್ದು. ಅಮೆರಿಕದ ಡಾ. ಎಪ್ಲಿ 1992ರಲ್ಲಿ ವಿವರಿಸಿದಂತೆ ತಲೆಯನ್ನು ಕ್ರಮವಾಗಿ ತಿರುಗಿಸಿ ಇ.ಎನ್.ಟಿ. ವೈದ್ಯರು ಹೆಚ್ಚಿನವರಿಗೆ ಕೂತಲ್ಲೇ ಗುಣಪಡಿಸಬಲ್ಲರು. ವರ್ಷಗಟ್ಟಲೆ ಮಾತ್ರೆ ನುಂಗಿ ಬಾವಿಕಟ್ಟೆಯ ಮೇಲೆ ತೂರಾಡಬೇಡಿ. ಕನ್ನಡದಲ್ಲೇ ಮಾತಿನ ಪರೀಕ್ಷೆ ಬೇಕಾದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸಂಸ್ಥೆ ಅದು. ಸತ್ಯಮಂಗಲ, ದಿಂಬಂ ಘಾಟಿ ದಾಟಿದರೆ ತಲುಪಬಹುದು.

ಎಲ್ಲಕ್ಕಿಂತ ಅಗ್ಗದ ಔಷಧಿ ತಟ್ಟೆಯಲ್ಲಿದೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ತಮಿಳುನಾಡು 2013ರಲ್ಲಿ ಗುಟ್ಕಾ ನಿಷೇಧಿಸಿತು; ನಮ್ಮ ಮದುವೆಮನೆಯ ತಟ್ಟೆಯನ್ನು ಯಾವ ಸರಕಾರವೂ ನಿಷೇಧಿಸಲಾರದು. ಅದು ನಮ್ಮ ಕೈಯಲ್ಲೇ ಇರುವ ಕೆಲಸ. ಮದುವೆಯಲ್ಲಾಗಲಿ, ಸತ್ತವರ ನೆನಪಿನ ಊಟದಲ್ಲಾಗಲಿ ಹೊಗೆಸೊಪ್ಪು, ಅಡಿಕೆ ಇಡುವುದಿಲ್ಲವೆಂದು ಪ್ರತಿ ಮನೆಯೂ ತೀರ್ಮಾನಿಸಲಿ. ಬಾಳೆಹಣ್ಣು ಇಡಿ, ಕಡಲೆಕಾಯಿ ಇಡಿ, ಅವೂ ನಮ್ಮ ಹೊಲದವೇ. ಅತಿಥಿಗೆ ಹುಣ್ಣು ಕೊಟ್ಟು ಕಳುಹಿಸುವುದು ಸತ್ಕಾರವಲ್ಲ.

ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ ಹಗಲ ಬೆಳಕಿನಲ್ಲಿ ತುಟಿ, ಕೆನ್ನೆ, ನಾಲಿಗೆಯ ಅಂಚು ಮತ್ತು ಅಡಿಭಾಗ ನೋಡಿಕೊಳ್ಳಿ. ಗಂಡ ಹೆಂಡತಿಯದನ್ನು, ಹೆಂಡತಿ ಗಂಡನದನ್ನು ನೋಡಲಿ. ಮೂರು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯ ಗಂಟು, ದನಿ ಒಡಕು ಕಂಡರೆ ಜೇನುತುಪ್ಪ ಹುಡುಕಬೇಡಿ, ಸರಕಾರಿ ಆಸ್ಪತ್ರೆಯ ದಾರಿ ಹಿಡಿಯಿರಿ. ಹೋಗಲು ಅಂಜಿಕೆಯಾದರೆ ಗುರುಮನೆಗೆ ಬನ್ನಿ, ಜೊತೆಯಲ್ಲಿ ನಾವೂ ಬರುತ್ತೇವೆ.

ಆ ಹಿರಿಯರಿಗೆ ಈಗ ಶ್ರವಣಯಂತ್ರ ಬಂದಿದೆ. ಮಗ್ಗದ ಕಿವಿಗೆ ಅದು ಅರ್ಧ ನೆರವು ಮಾತ್ರ. ಮೊಮ್ಮಗಳು ಹತ್ತಿರ ಕೂತು, ಮುಖ ನೋಡಿ, ನಿಧಾನವಾಗಿ ಮಾತನಾಡಲು ಕಲಿತಿದ್ದಾಳೆ. ಒಂದು ಪರೀಕ್ಷೆಯನ್ನು ಮೊದಲೇ ಕೇಳಿದ್ದರೆ ಅವಳಿಗೆ ಆ ಪಾಠ ಬೇಕಾಗುತ್ತಿರಲಿಲ್ಲವೇನೋ. ನೀವಾದರೂ ಕೇಳಿ.