ಮರೆತವರಿಗೆ ಆಮಂತ್ರಣ

ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನಕ್ಕೆ ಆಮಂತ್ರಣ ಪತ್ರಗಳನ್ನು ಬರೆಯುತ್ತಿದ್ದಾಗ ನಮ್ಮೊಳಗೊಂದು ಚರ್ಚೆ ಹುಟ್ಟಿತು. ಅನೇಕ ವರ್ಷಗಳ ಕಾಲ ನಮಗೆ ಗಣಿತವನ್ನೂ ಹೊಲಿಗೆಯನ್ನೂ ಕಲಿಸಿದ ಉಪಾಧ್ಯಾಯಿನಿಯೊಬ್ಬರು ವೃದ್ಧಾಪ್ಯದಲ್ಲಿ ಮರೆವಿನ ರೋಗಕ್ಕೆ ತುತ್ತಾಗಿದ್ದಾರೆ. ಹೆತ್ತ ಮಗಳನ್ನೂ ಅವರು ಗುರುತಿಸಲಾರರು. “ಅವರನ್ನು ಕರೆದು ಪ್ರಯೋಜನವೇನು? ನಮಗೆ ಕಲಿಸಿದ ಟೀಚರಮ್ಮ ಈಗ ಅಲ್ಲಿ ಇಲ್ಲವಷ್ಟೆ” ಎಂದು ಕೆಲವರು ಹೇಳಿದರು. ಹಾಗೆಂದವರು ಕಠಿನ ಹೃದಯದವರಲ್ಲ. ಅವರಲ್ಲೊಬ್ಬರ ಕಣ್ಣು ತುಂಬಿತ್ತು. ಆದರೂ ಆ ಮಾತು ನಮಗೆ ಒಪ್ಪಿಗೆಯಾಗಲಿಲ್ಲ.

ಮಾತೇನೋ ಹಳೆಯದು. ಆಂಗ್ಲ ದಾರ್ಶನಿಕನಾದ ಜಾನ್ ಲಾಕನು 1694ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣಕ್ಕೆ ಸೇರಿಸಿದ ಅಧ್ಯಾಯದಲ್ಲಿ, ಹಿಂದಿನ ಕೃತ್ಯಗಳನ್ನು ತನ್ನವೆಂದು ಅರಿಯುವ ಪ್ರಜ್ಞೆಯು ಎಲ್ಲಿಯವರೆಗೆ ಚಾಚುವುದೋ ಅಲ್ಲಿಯವರೆಗೆ ಮಾತ್ರ ಮನುಷ್ಯನು ಅದೇ ವ್ಯಕ್ತಿಯೆಂದು ವಾದಿಸಿದನು. ಇದಕ್ಕೆ ಸ್ಕಾಟ್ಲೆಂಡಿನ ತಾಮಸ್ ರೀಡನು 1785ರಲ್ಲಿ ಕೊಟ್ಟ ಉತ್ತರ ಸ್ವಾರಸ್ಯವಾಗಿದೆ. ತೋಟದಲ್ಲಿ ಹಣ್ಣು ಕದ್ದು ಏಟು ತಿಂದ ಹುಡುಗನು ಮುಂದೆ ಶತ್ರುವಿನ ಧ್ವಜವನ್ನು ಕಿತ್ತುತಂದ ಶೂರನಾದನು, ಕೊನೆಗೆ ಸೇನಾಪತಿಯಾದನು. ಶೂರನಿಗೆ ಏಟಿನ ನೆನಪುಂಟು. ಸೇನಾಪತಿಗೆ ಧ್ವಜದ ನೆನಪುಂಟು, ಏಟಿನದು ಇಲ್ಲ. ಲಾಕನ ಮಾತಿನಂತೆ ಹುಡುಗನೇ ಶೂರ, ಶೂರನೇ ಸೇನಾಪತಿ. ಆದರೆ ಹುಡುಗನು ಸೇನಾಪತಿಯಲ್ಲ! ನಮಗೆ ಗಣಿತ ಕಲಿಸಿದ ಆ ತಾಯಿ ಇದನ್ನು ಕೇಳಿದ್ದರೆ ಕೆಂಪು ಮಸಿಯಲ್ಲಿ ಗೀಟು ಹಾಕುತ್ತಿದ್ದರು.

ಅಷ್ಟು ದೂರ ಹೋಗುವುದೇಕೆ? ನಮ್ಮ ಹುಟ್ಟಿನ ಮೊದಲೆರಡು ವರ್ಷಗಳು ನಮ್ಮಲ್ಲಿ ಯಾರಿಗೆ ನೆನಪಿವೆ? ಮೊದಲ ಹಲ್ಲು, ಮೊದಲ ಹೆಜ್ಜೆ, ಬಂದು ಹೋದ ಜ್ವರ, ಇವೆಲ್ಲವೂ ತಾಯಿಯ ನೆನಪಿನಲ್ಲಿವೆ. ಅವಳು ಹೇಳಿದ್ದನ್ನು ನಂಬಿ “ನಾನು ಮಗುವಾಗಿದ್ದಾಗ” ಎನ್ನುತ್ತೇವೆ. ಜೀವಿತದ ಆರಂಭವನ್ನು ಬೇರೆಯವರು ನಮಗಾಗಿ ಕಾದಿಡಬಹುದಾದರೆ, ಕೊನೆಯ ಭಾಗದಲ್ಲಿ ಆ ಕೆಲಸವನ್ನು ಮಾಡಲು ಶಿಷ್ಯೆಯರಿಗೆ ಬಾಧ್ಯತೆಯಿಲ್ಲವೇ?

ನೆನಪು ಅಳಿದರೂ ಎಲ್ಲವೂ ಅಳಿಯುವುದಿಲ್ಲ. ಅಮೆರಿಕದ ಹೆನ್ರಿ ಮೊಲೈಸನನಿಗೆ 1953ರಲ್ಲಿ, 27ನೆಯ ವಯಸ್ಸಿನಲ್ಲಿ, ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ 2008ರಲ್ಲಿ ತೀರಿಕೊಳ್ಳುವ ತನಕ ಹೊಸ ಸಂಗತಿಗಳು ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ಎಳೆಯುವ ಅಭ್ಯಾಸವನ್ನು ಮಾಡಿಸಿದಾಗ ಮೂರು ದಿನಗಳಲ್ಲಿ ಅವನ ಕೈ ಪಳಗಿತು. ಅಭ್ಯಾಸ ಮಾಡಿದುದನ್ನು ಮಾತ್ರ ಅವನು ಅರಿಯನು.

ನಮ್ಮ ಟೀಚರಮ್ಮನವರನ್ನು ನೋಡಲು ಹೋದಾಗ ನಾವೂ ಇಂಥದನ್ನೇ ಕಂಡೆವು. ನಮ್ಮ ಪರಿಚಯ ಅವರಿಗೆ ಹತ್ತಲಿಲ್ಲ. ಆದರೆ ನಮ್ಮ ಸೆರಗಿನ ಅಂಚು ಬಿಚ್ಚಿದ್ದುದನ್ನು ಬೆರಳಿನಿಂದ ಮುಟ್ಟಿ, ಒಳಗೆ ಮಡಚಿ, ಹಿಂದಿನಂತೆಯೇ ಹುಬ್ಬು ಗಂಟಿಕ್ಕಿದರು. ಹಿಂದಿನಂತೆ ಅವರೊಡನೆ ಸಂಭಾಷಿಸಲು ಇನ್ನು ಆಗದು. ಆ ನಷ್ಟ ದೊಡ್ಡದು, ಇಲ್ಲವೆನ್ನುವುದು ಸುಳ್ಳು. ಆದರೆ ಆ ಹುಬ್ಬಿಗೆ ಹೆದರಿ ಬಿಚ್ಚಿ ಹೊಲಿದವರಿಗೆ, ಅದು ಯಾರದೆಂದು ಸಾಕ್ಷಿ ಬೇಕಿಲ್ಲ.

ಆದಕಾರಣ ಪತ್ರವನ್ನು ಅವರ ಹೆಸರಿಗೇ ಬರೆದಿದ್ದೇವೆ. ಕರೆತರಲು ಇಬ್ಬರು ಹೋಗತಕ್ಕದ್ದು. ಕುರ್ಚಿ ಮುಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಇರಲಿ. ಬಳಿಗೆ ಹೋಗುವ ಸಹೋದರಿಯರು “ನಾನು ಯಾರು, ಹೇಳಿ ನೋಡೋಣ” ಎಂದು ದಯವಿಟ್ಟು ಪರೀಕ್ಷೆ ಮಾಡಬಾರದು. ತಮ್ಮ ಹೆಸರನ್ನೂ ಕಲಿತ ವರ್ಷವನ್ನೂ ತಾವೇ ಹೇಳಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಲಿ.